ಮ್ಯಾಗ್ನೆಟ್ ಹಿಡಿಯದ ತಗಡು

12 ನವೆಂಬರ್ 2024, ಮಂಗಳವಾರ

ನೀರಿನ ರಿಪೋರ್ಟ್ ಬಂತು. ಮೂರನೇ ಸಲ ಕಳಿಸಿದ್ದು. ಕ್ಲೋರೈಡ್ 640. ಹೋದ ಬೇಸಿಗೆಯಲ್ಲಿ 410 ಇತ್ತು. ನೆಲದೊಳಗೆ ಉಪ್ಪು ಏರುತ್ತಿದೆ, ಮೇಲೆ ನಾವು ಕೊರೆಯುತ್ತಲೇ ಇದ್ದೇವೆ. ಹರಿಹರದಲ್ಲಿ ಹೊಳೆ ಹರಿಯುತ್ತದೆ. ಅಲ್ಲಿಂದ ಇಷ್ಟೇ ಈಚೆ, ಬಾತಿ ಹತ್ತಿರ ಕಾರ್ಖಾನೆ ಕಟ್ಟುವವನು ಆರುನೂರು ಅಡಿ ಕೊರೆದು ಉಪ್ಪುನೀರು ಎತ್ತಬೇಕು. ಈ ಬಗ್ಗೆ ಪತ್ರಿಕೆಗೆ ಬರೆದ ಪತ್ರವನ್ನು ಅರ್ಧ ಕತ್ತರಿಸಿ ಹಾಕಿದ್ದಾರೆ. ಸಿಟ್ಟು ಇದ್ದ ಅರ್ಧವನ್ನೇ ಹುಡುಕಿ ಕತ್ತರಿಸಿದ್ದಾರೆ.

ಕಾರ್ಖಾನೆ ಪಂಚಾಕ್ಷರಪ್ಪನವರದು. ಮೆಕ್ಕೆಜೋಳದಿಂದ ಗಂಜಿ, ಗಂಜಿಯಿಂದ ಗ್ಲುಕೋಸ್. ಒಂದೊಂದು ಪಾತ್ರೆಗೂ ಯಾವ ಲೋಹ ಅಂತ ಬರೆದುಕೊಡುವ ಕೆಲಸ ನನಗೆ. ತೊಟ್ಟಿ, ಪೈಪು, ಪಂಪು ಎಲ್ಲ ಮುಗಿಯಿತು. ಉಳಿದದ್ದು ಒಂದು—ಹೋಲ್ಡಿಂಗ್ ವೆಸೆಲ್. ಗಂಜಿಯನ್ನು 105 ಡಿಗ್ರಿಯಲ್ಲಿ, ಒತ್ತಡದಲ್ಲಿ, ಹಿಡಿದಿಡುವ ಪಾತ್ರೆ. ಆಳೆತ್ತರಕ್ಕಿಂತ ಸ್ವಲ್ಪ ಎತ್ತರ. ನನ್ನ ನಿದ್ದೆ ಕೆಡಿಸಿರುವುದು ಇದೇ.

ಪುಷ್ಪಲತಾ ಕಾಫಿ ಇಟ್ಟು ಹೋಗುತ್ತಾ ಅಂದಳು: "ರಿಟೈರ್ ಆಗಿ ಐದು ವರ್ಷ ಆತು. ಇನ್ನೂ ನೀರಿಗೂ ತಗಡಿಗೂ ಜಾತಕ ಕೂಡಿಸ್ತಾ ಕೂತೀರಲ್ರೀ."

ಸರಿಯಾಗಿಯೇ ಹೇಳಿದಳು. ಜಾತಕ ಕೂಡದಿದ್ದರೆ ಇಲ್ಲಿ ಡೈವೋರ್ಸ್ ಆಗುವುದಿಲ್ಲ, ಒಡೆಯುತ್ತದೆ.

ಉಪ್ಪು, ಕಾವು, ವೆಲ್ಡಿಂಗಿನ ಬಿಗಿತ—ಮೂರೂ ಒಂದು ಕಡೆ ಸೇರಿದರೆ ಸಾಧಾರಣ ಸ್ಟೇನ್‌ಲೆಸ್, ಅಂದರೆ 304, ಕೂದಲೆಳೆಯಂತೆ ಬಿರಿಯುತ್ತದೆ. ಒಳಗಿನಿಂದ. ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಲೇ ಇರುತ್ತದೆ. ತುಕ್ಕು ಹಿಡಿಯುವ ಕಬ್ಬಿಣ ಪ್ರಾಮಾಣಿಕ ಜೀವಿ. ಮೊದಲೇ ಕೆಂಪಾಗಿ ಹೇಳುತ್ತದೆ. ಇದು ಹೇಳುವುದಿಲ್ಲ.

ಬರೆದೆ: 2205. ಡ್ಯೂಪ್ಲೆಕ್ಸ್, ಈ ಉಪ್ಪಿಗೂ ಬಿರಿಯದ ಸ್ಟೇನ್‌ಲೆಸ್. ಬೇರೆ ಯಾವುದೂ ಕೂಡದು. ಅಡಿಗೆರೆ ಎಳೆದೆ, ಎರಡು ಸಲ.

21 ನವೆಂಬರ್, ಗುರುವಾರ

ಪಂಚಾಕ್ಷರಪ್ಪನವರ ಆಫೀಸು. ಎರಡು ಗಂಟೆ ವಾದ. ಒಳ್ಳೆಯ ಮನುಷ್ಯ, ಆದರೆ ಹೊಳೆಯುವುದನ್ನೆಲ್ಲ ನಂಬುವವರು.

"304 ಸ್ಟೀಲ್ ಐತಲ್ರಿ ಮೈಲಾರಲಿಂಗಪ್ಪನೋರೆ. ನಮ್ಮ ಮನೇಲಿ ಮೂವತ್ತು ವರ್ಷದ ಕೊಡ ಐತೆ, ಒಂದು ಚುಕ್ಕಿ ಬಿದ್ದಿಲ್ಲ."

"ನಿಮ್ಮ ಕೊಡದಾಗ ನೂರೈದು ಡಿಗ್ರಿ ಗಂಜಿ ಕುದಿಸ್ತೀರೇನ್ರಿ?"

"ನಮ್ಮ ಮನೆಯವ್ರು ಸಾರು ಕುದಿಸ್ತಾರೆ. ಅದೂ ಅಷ್ಟೇ ಖಾರ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. 1991 ಹೇಳಿದೆ. ಆಗ ನಾನಿದ್ದ ಗಂಜಿ ಕಾರ್ಖಾನೆ—ದಾವಣಗೆರೆಯ ಹತ್ತಿ ಗಿರಣಿಗಳ ನೂಲಿಗೆ ಗಂಜಿ ಕೊಡುತ್ತಿದ್ದದ್ದು, ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪ. ಇಂಥದೇ ಪಾತ್ರೆ, ಇದೇ 304, ನಾಲ್ಕೇ ತಿಂಗಳು. ವೆಲ್ಡಿಂಗಿನ ಹೊಲಿಗೆ ಬಿಟ್ಟಿತು. ಎದುರಿಗೆ ನಿಂತಿದ್ದವನು ಬಕ್ಕೇಶಪ್ಪ, ಫಿಟ್ಟರ್. ಬಿಸಿನೀರು ಮೈಮೇಲೆ ಬಿದ್ದರೆ ಹರಿದು ಹೋಗುತ್ತದೆ. ಬಿಸಿಗಂಜಿ ಹರಿಯುವುದಿಲ್ಲ. ಅಂಟಿಕೊಂಡು ಅಲ್ಲೇ ಬೇಯಿಸುತ್ತದೆ. ನಾಲ್ಕನೆಯ ದಿನ ತೀರಿಕೊಂಡ. ವಿಚಾರಣಾ ವರದಿ: "ಕಾರ್ಮಿಕನ ಅಜಾಗರೂಕತೆ." ಪಾತ್ರೆ ಒಸರುತ್ತಿದೆ ಅಂತ ಮೂರು ವಾರದಿಂದ ಬಲ್ಲವರು ಐದು ಜನ ಇದ್ದರು. ಐದೂ ಹೆಸರು ಈಗಲೂ ಹೇಳಬಲ್ಲೆ. ಒಬ್ಬರಿಗೂ ಏನೂ ಆಗಲಿಲ್ಲ.

ಮೂಲೆಯಲ್ಲಿ ಕೂತಿದ್ದ ಹುಡುಗಿ ಕೇಳಿದಳು: "ಸರ್, ಸ್ಯಾಂಪಲ್ ತೆಗೆಯೋ ಕೊಳಾಯಿ ಪಾತ್ರೆಯ ಯಾವ ಕಡೆ ಬರ್ತೈತೆ?" ರೇಖಾ. ಲೋಕಿಕೆರೆಯವಳು, ಕೆಮಿಸ್ಟ್, ಮೊದಲ ಶಿಫ್ಟಿನ ಇನ್‌ಚಾರ್ಜ್. ಅರ್ಧ ಗಂಟೆಗೊಮ್ಮೆ ಗಂಜಿ ತೆಗೆದು ಅಯೋಡಿನ್ ಹನಿ ಹಾಕಿ ಬಣ್ಣ ನೋಡುವ ಕೆಲಸ ಅವಳದು. ಕೊಳಾಯಿ ಬರುವುದು ಹೊಲಿಗೆಯ ಕೆಳಗೇ, ಒಂದು ಮೊಳ ಅಂತರ. ಹೇಳಿದೆ. ಬರೆದುಕೊಂಡಳು.

2205 ಒಪ್ಪಿದರು. ಪ್ಲೇಟು ಮುಂಬೈಯಿಂದ. ಕಟ್ಟುವವರು ಹರಿಹರದ ಮಕ್ತುಮ್ ಸಾಬರು. ಅದು ನನ್ನ ಷರತ್ತು. ಅವರ ಕೈ ಬಿಟ್ಟು ಇನ್ನೊಬ್ಬರ ಹೊಲಿಗೆ ನಾನು ನಂಬುವುದಿಲ್ಲ.

8 ಜನವರಿ 2025, ಬುಧವಾರ

ಬಲಗಣ್ಣಿನ ಪೊರೆ ತೆಗೆದು ಮೂರು ದಿನ. ಎಡಗೈಯಲ್ಲಿ ಬರೆದಂತೆ ಅಂದಾಜಿನಲ್ಲಿ ಬರೆಯುತ್ತಿದ್ದೇನೆ, ಸಾಲು ಎಲ್ಲೋ ಹೋಗುತ್ತಿದೆ. ಪುಷ್ಪಲತಾ ನೋಡಿದರೆ ಬೈಯುತ್ತಾಳೆ.

ಬೆಳಿಗ್ಗೆ ತೌಸೀಫ್ ಫೋನು. ಸಾಬರ ಮಗ, ಈಗ ವರ್ಕ್‌ಶಾಪ್ ನೋಡಿಕೊಳ್ಳುವವನು. ಫೋನನ್ನು ಇವಳೇ ಕಿವಿಗೆ ಹಿಡಿದಳು.

"ಚಾಚಾ, ಪ್ಲೇಟ್ ಬಂದಾವೆ. ಅಬ್ಬಾಗೆ ಏನೋ ಡೌಟು. ನೀವೊಮ್ಮೆ ಬರ್ತೀರಾ?"

"ಕಣ್ಣಿಗೆ ಪಟ್ಟಿ ಐತಪ್ಪ. ಅಪ್ಪ ಹೇಳಿದಂಗೆ ಮಾಡು. ಈಗ ಅವರ ಕಣ್ಣು ನನಗಿಂತ ಚಲೋ ಐತೆ."

ನಕ್ಕ. ನಾನೂ ನಕ್ಕೆ. ನಗಬೇಡಿ, ಕಣ್ಣಿಗೆ ಒತ್ತು ಬೀಳುತ್ತೆ ಅಂದಳು ಇವಳು.

17 ಫೆಬ್ರವರಿ, ಸೋಮವಾರ

ಹರಿಹರ. ಪಾತ್ರೆ ಸಿದ್ಧ. ಎಂಥ ಹೊಲಿಗೆ! ಕೈಬೆರಳು ಆಡಿಸಿದರೆ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ನೀರು ತುಂಬಿ ಒತ್ತಡ ಕೊಟ್ಟು ನಿಲ್ಲಿಸಿದರು. ಒಂದು ಗಂಟೆ. ಮುಳ್ಳು ಅಲುಗಲಿಲ್ಲ.

ಮುಂಬೈಯವರು ಮೇಲ್ ಕಳಿಸಿದ್ದ ಟೆಸ್ಟ್ ಸರ್ಟಿಫಿಕೇಟ್ ನನ್ನ ಫೈಲಿನಲ್ಲೇ ಇತ್ತು. 2205, ಎಲ್ಲ ಅಂಶ ಸರಿ. ಪ್ಲೇಟಿನ ಮೇಲೆ ಹೊಡೆದ ನಂಬರ್ ಪಾಲಿಶ್‌ನಲ್ಲಿ ಅಳಿಸಿತ್ತು. ಅಳಿಸುವುದು ಸಹಜ. ನಕಲು ಮಾಡಿಟ್ಟುಕೊಳ್ಳಿ ಅಂತ ಪ್ರತಿ ಸಲ ಹೇಳುತ್ತೇನೆ, ಈ ಸಲ ಹೇಳಿರಲಿಲ್ಲ. ಪಾತ್ರೆ ಸರಿ ಇದೆ ಅನ್ನುವ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ಸಾಬರು ತಮ್ಮ ಹೆಸರಿನ ಹಿತ್ತಾಳೆ ಫಲಕ ತಂದು ಪಾತ್ರೆಗೆ ಕೂರಿಸಿದರು. ಬಟ್ಟೆಯಿಂದ ಒರೆಸಿ, ದೂರ ನಿಂತು, ಮತ್ತೆ ಬಂದು ಒರೆಸಿದರು.

ಮನೆಗೆ ಬರುತ್ತಾ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ. ಬಹಳ ದಿನದ ಮೇಲೆ ಹಗುರ.

11 ಮಾರ್ಚ್, ಮಂಗಳವಾರ. ರಾತ್ರಿ 8

ಬಂದವನು ಚಪ್ಪಲಿ ಬಿಟ್ಟು ನೇರ ಡೈರಿಗೆ ಕೂತೆ.

ಸಾಬರ ಮನೆಯಲ್ಲಿ ಇಫ್ತಾರ್. ಪ್ರತಿ ವರ್ಷ ಕರೆಯುತ್ತಾರೆ, ಪ್ರತಿ ವರ್ಷ ಹೋಗುತ್ತೇನೆ.

"ಬರ್ರಿ ಲಿಂಗಣ್ಣ, ಕೂಡ್ರಿ. ಕಣ್ಣು ಹೆಂಗೈತೆ?"

"ನಿಮ್ಮ ಗಡ್ಡದಾಗಿನ ಬಿಳಿಕೂದಲು ಎಣಿಸಬಹುದು ಸಾಬ್ರೆ."

"ಬ್ಯಾಡ ಬ್ಯಾಡ. ಕರಿಕೂದಲು ಎಣಿಸ್ರಿ, ಲಗೂನ ಮುಗೀತೈತೆ."

ಅಜಾನ್ ಆಯಿತು. ಖರ್ಜೂರ ಕೈಗೆ ಕೊಟ್ಟರು. ನೀರು ಕುಡಿದು, ಬಾಯಿ ಒರೆಸಿಕೊಂಡು, ಏನೋ ನೆನಪಾದವರಂತೆ ತೊಡೆ ತಟ್ಟಿದರು.

"ನಿಮಗೊಂದು ಹೇಳೋದು ಮರ್ತೇ ಹೋಗಿತ್ತು ನೋಡ್ರಿ. ಆ ಬಾಂಬೆಯವ್ರು ನಿಮಗೆ ಟೋಪಿ ಹಾಕ್ತಿದ್ರು. ನಾ ಹಿಡಿದೆ!"

"ಯಾವ ಬಾಂಬೆಯವ್ರು?"

"ಪ್ಲೇಟಿನೋರು. ಲಾರಿ ಗೇಟಿಗೆ ಬಂತು. ಮ್ಯಾಗ್ನೆಟ್ ಇಟ್ಟೆ. ಟಪ್ ಅಂತ ಹಿಡೀತು! ಒಂದಲ್ಲ, ಎಲ್ಲಾ ಪ್ಲೇಟೂ. ಅಷ್ಟು ದುಬಾರಿ ಮಾಲು ಅಂತ ಹೇಳಿ ಕಬ್ಬಿಣ ಬೆರೆಸಿ ಕಳಿಸ್ಯಾರೆ ಬದ್ಮಾಶ್‌ಗಳು. ಡ್ರೈವರ್‌ಗೆ ಚಾ ಕುಡಿಸಿ ಹಂಗೇ ವಾಪಸ್ ತಿರುಗಿಸಿದೆ. ಹುಬ್ಬಳ್ಳಿಯಿಂದ ಪ್ರೈಮ್ ಮಾಲು ತರಿಸಿದೆ. ಇಡೀ ಪ್ಲೇಟಿನ ಮೇಲೆ ಮ್ಯಾಗ್ನೆಟ್ ಎಳೆದೆ. ಒಂದು ಕಡೆನೂ ಹಿಡೀಲಿಲ್ಲ!"

ಒಳಗಿನಿಂದ ಅವರ ಹೆಂಡತಿ ಮೆಹರ್ ಬಾನು: "ಆವತ್ತು ಮನೆಗೆ ಬಂದು ಈದ್ ಚಂದ್ರ ಕಂಡಂಗೆ ಕುಣಿದ್ರು ಅಣ್ಣಾ. ಲಿಂಗಣ್ಣನ ಮಾನ ಉಳಿಸಿದೆ, ಉಳಿಸಿದೆ ಅಂತ."

"ಮತ್ತೇನು! ಕಲಿಸಿದ್ದು ಯಾರು? ಎಂಬತ್ತೇಳರಾಗ ನೀವೇ ರೇಡಿಯೋ ಸ್ಪೀಕರ್‌ನಿಂದ ಮ್ಯಾಗ್ನೆಟ್ ಕಿತ್ತು ಕೊಟ್ಟು ಹೇಳಿದ್ರಿ—ಸಾಬ್ರೆ, ಸ್ಟೇನ್‌ಲೆಸ್ ಅಂತ ಯಾರೇ ತರ್ಲಿ, ಇದು ಹಿಡಿದ್ರೆ ಒಳಗೆ ಬಿಡಬ್ಯಾಡ್ರಿ. ಇವತ್ತಿಗೂ ಗೇಟಿಗೆ ತೂಗುಹಾಕೀನಿ."

ಖರ್ಜೂರ ಬಾಯಲ್ಲೇ ಇತ್ತು.

ಹೌದು. ಹೇಳಿದ್ದೆ. ಇಪ್ಪತ್ತಾರು ವರ್ಷದವನು, ಎಲ್ಲ ಗೊತ್ತಿದ್ದವನು. ಆಗ ಈ ಊರಿಗೆ ಬರುತ್ತಿದ್ದ ಮಾಲಿಗೆ ಆ ಮಾತು ಸಾಕಿತ್ತು. ಡ್ಯೂಪ್ಲೆಕ್ಸ್ ಬೇರೆ ಜಾತಿ. ಅದರ ಅರ್ಧ ಮೈ ಮ್ಯಾಗ್ನೆಟ್ ಹಿಡಿಯುವಂಥದೇ. ಹಿಡಿಯಲೇಬೇಕು. ಬಿರುಕನ್ನು ತಡೆಯುವುದು ಆ ಅರ್ಧವೇ. ಇದನ್ನು ಸಾಬರಿಗೆ ನಾನು ಯಾವತ್ತೂ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಹೊರಡುವಾಗ ತೌಸೀಫ್‌ನನ್ನು ಕೇಳಿದೆ, ಸುಮ್ಮನೆ ಕೇಳುವವನಂತೆ—ಹುಬ್ಬಳ್ಳಿ ಮಾಲು ಯಾವ ಗ್ರೇಡು? "304 ಚಾಚಾ. ನಂಬರ್ ಬೇರೆ ಆದ್ರೇನು, ಫಸ್ಟ್ ಕ್ಲಾಸ್ ಮಾಲು."

ಏನೂ ಹೇಳದೆ ಬಂದೆ. ಸಾಬರು ಬಾಗಿಲ ತನಕ ಬಂದು ಕೈ ಹಿಡಿದರು.

13 ಮಾರ್ಚ್, ಗುರುವಾರ

ಕಾರ್ಖಾನೆಗೆ ಹೋದೆ. ಪಾತ್ರೆ ತಂದು ನಿಲ್ಲಿಸಿ ಹತ್ತು ದಿನ ಆಗಿದೆ. ಸುತ್ತ ಯಾರೂ ಇಲ್ಲದಾಗ ಜೇಬಿನಿಂದ ಮ್ಯಾಗ್ನೆಟ್ ತೆಗೆದೆ. ಫ್ರಿಜ್ಜಿನ ಮೇಲಿನ ಗಣಪತಿ ಕಿತ್ತು ತಂದದ್ದು. ಮನುಷ್ಯ ಎಷ್ಟು ಮೂರ್ಖ ನೋಡು—ಹಿಡಿಯಲಿ, ಹಿಡಿಯಲಿ ಅಂತ ಪ್ರಾರ್ಥಿಸಿದೆ. ಇಟ್ಟೆ. ಜಾರಿತು. ಇನ್ನೊಂದು ಕಡೆ ಇಟ್ಟೆ. ಜಾರಿತು. ಹೊಲಿಗೆಯ ಗೆರೆಯ ಮೇಲೆ ಮಾತ್ರ ಚೂರು ಎಳೆದಂತಾಗಿ, ಅಲ್ಲೂ ಬಿಟ್ಟು ಗಣಪತಿ ನೆಲಕ್ಕೆ ಬಿದ್ದ.

"ಏನು ಹುಡುಕ್ತಾ ಇದೀರಿ ಸರ್?" ರೇಖಾ, ಹಿಂದೆ.

"ಏನಿಲ್ಲಮ್ಮ. ಬಿತ್ತು."

ಅವಳೇ ಎತ್ತಿಕೊಟ್ಟಳು. ಸ್ಯಾಂಪಲ್ ಕೊಳಾಯಿಯ ಪಕ್ಕದಲ್ಲಿ ಸಣ್ಣ ಶೆಲ್ಫು ಹಾಕಿಸಿಕೊಂಡಿದ್ದಾಳೆ—ಬಾಟಲಿ, ಅಯೋಡಿನ್, ಒಂದು ಸ್ಟೂಲು. "ನಿಂತು ನಿಂತು ಕಾಲು ನೋಯ್ತಾವೆ ಸರ್. ಇಲ್ಲೇ ಕೂತು ಮಾಡ್ತೀನಿ." ಸ್ಟೂಲು ಹೊಲಿಗೆಗೆ ಮುಖ ಮಾಡಿ ಇದೆ.

ಯುಗಾದಿಗೆ ಸ್ಟಾರ್ಟ್ ಅಂತ ಬೋರ್ಡ್ ಬರೆಸಿದ್ದಾರೆ. ಮೂವತ್ತನೇ ತಾರೀಕು, ಭಾನುವಾರ.

14 ಮಾರ್ಚ್, ಶುಕ್ರವಾರ

ಹೇಳಬೇಕು. ಇವತ್ತು ಹೇಳುತ್ತೇನೆ.

18 ಮಾರ್ಚ್, ಮಂಗಳವಾರ

ಹೇಳಿಲ್ಲ.

ಲೆಕ್ಕ ಹಾಕುತ್ತಿದ್ದೇನೆ. ಕಾವು 105ರ ಬದಲು 95ಕ್ಕೆ ಇಳಿಸಿದರೆ? ಗಂಜಿ ಬೇಯುವುದಿಲ್ಲ. ನೀರಿನ ಉಪ್ಪು ತೆಗೆಯುವ ಯಂತ್ರ ಹಾಕಿಸಿದರೆ? ಯುಗಾದಿಗೆ ಬರುವುದಿಲ್ಲ. ಬರುವ ತನಕ? ಪುಸ್ತಕ ತೆಗೆದೆ, ಮೂರು. ಹೊಸ ಪುಸ್ತಕ ಹಳೆಯದಕ್ಕಿಂತ ಮೆತ್ತಗೆ ಹೇಳುತ್ತದೇನೋ ಅಂತ ಹುಡುಕುತ್ತಿದ್ದೇನೆ. ಹೇಳುವುದಿಲ್ಲ. ಮೂರರಲ್ಲೂ ಅದೇ ಚಿತ್ರ—ಮರದ ಬೇರಿನ ಹಾಗೆ ಕವಲೊಡೆದ ಬಿರುಕು.

ಮೊದಲ ದಿನ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು. ಮೊದಲ ತಿಂಗಳೂ ಆಗದಿರಬಹುದು. ಭಯ ಅದರದೇ. ಒಮ್ಮೆ ಶುರುವಾದರೆ "ನಡೀತಿದೆಯಲ್ಲ" ಅನ್ನುತ್ತಾರೆ. ನಡೆಯುತ್ತಿರುವುದನ್ನು ಈ ದೇಶದಲ್ಲಿ ಯಾರೂ ನಿಲ್ಲಿಸಿದ ದಾಖಲೆ ಇಲ್ಲ. ನಿಲ್ಲಿಸುವುದಿದ್ದರೆ ಶುರುವಾಗುವ ಮುಂಚೆ.

ಹೇಳಿದರೆ ಸಾಬರ ಹೆಸರು ಹೋಗುತ್ತದೆ. ಇದರಲ್ಲಿ ಒಂದು ಪೈಸೆ ಮುಟ್ಟಿದವರಲ್ಲ. ನಾನು ಕಲಿಸಿದ್ದನ್ನು ಮೂವತ್ತೆಂಟು ವರ್ಷ ತಪ್ಪದೆ ನಡೆಸಿದವರು. ಊರು ಏನನ್ನುತ್ತದೆ ಗೊತ್ತಿಲ್ಲವೇ? ಸಾಬಿ ಪ್ಲೇಟ್ ಬದಲಾಯಿಸಿದ ಅನ್ನುತ್ತದೆ. ಮಿಕ್ಕಿದ್ದನ್ನು ಯಾರೂ ಕೇಳುವುದಿಲ್ಲ.

ಇದು ನಿಜ. ಆದರೆ ಪೂರ್ತಿ ನಿಜವಲ್ಲ. ಸಹಿ ನನ್ನದು. ಕಾಗದ ನೋಡಿದೆ, ತಗಡು ನೋಡಲಿಲ್ಲ.

ಪುಷ್ಪಲತಾ: "ಯಾಕ್ರೀ ಎರಡು ದಿನದಿಂದ ಪೇಪರ್ ಬಿಚ್ಚಿಲ್ಲ? ಯಾರಿಗೂ ಬೈದಿಲ್ಲ? ಜ್ವರ ಐತೇನು?"

22 ಮಾರ್ಚ್, ಶನಿವಾರ

ಸಾಬರಿಗೆ ಹೇಳಿದೆ. ಮೊದಲು ಅವರಿಗೆ.

ವರ್ಕ್‌ಶಾಪ್‌ನಲ್ಲಿ, ಮಧ್ಯಾಹ್ನ. ರೋಜಾ ಉಪವಾಸ, ಬಿಸಿಲು, ತುಟಿ ಒಣಗಿತ್ತು ಅವರದು. ಸ್ಟೂಲು ಎಳೆದು ಕೂತು ಪೂರ್ತಿ ಕೇಳಿದರು. ತೌಸೀಫ್ ಮಾತ್ರ ಹೊತ್ತಿಕೊಂಡ.

"ಆವತ್ತು ಫೋನ್ ಮಾಡಿದ್ನಲ್ಲ ಚಾಚಾ! ಅಬ್ಬಾಗೆ ಡೌಟ್ ಐತೆ ಅಂದೆ. ಅಪ್ಪ ಹೇಳಿದಂಗೆ ಮಾಡು ಅಂದ್ರಿ. ಅಂದ್ರೋ ಇಲ್ವೋ?"

"ಅಂದೆ."

"ಡ್ರಾಯಿಂಗ್‌ನಾಗ ಮ್ಯಾಗ್ನೆಟ್ ಹಿಡೀತೈತೆ ಅಂತ ಒಂದು ಸಾಲು ಬರೆದಿದ್ರೆ ಏನು ಕಳ್ಕೊಳ್ತಿದ್ರಿ?"

"ಏ, ಚುಪ್," ಅಂದರು ಸಾಬರು. ಗೇಟಿಗೆ ತೂಗುಹಾಕಿದ್ದ ಮ್ಯಾಗ್ನೆಟ್ ಕಡೆ ನೋಡಿದರು. ಆಮೇಲೆ ನಿಧಾನವಾಗಿ: "ಲಿಂಗಣ್ಣ, ಹಂಗಾದ್ರೆ ಇಷ್ಟು ವರ್ಷ ನಾ ವಾಪಸ್ ಕಳಿಸಿದ್ರಾಗ ಎಷ್ಟು ಒಳ್ಳೇ ಮಾಲಿತ್ತು?"

ಅವರೇ ಮುಂದುವರಿಸಿದರು.

"ಎಷ್ಟು ಮಂದಿಗೆ ಕಳ್ಳ ಅಂದೀನಿ ಗೊತ್ತಾ? ಗದಗಿನವನೊಬ್ಬ ಅತ್ತಿದ್ದ, ಗೇಟಿನಾಗ ನಿಂತು."

ಕೊನೆಗೆ ಅವರೇ ಎದ್ದರು. "ಇನ್ನೊಂದು ಮಾಡಿಕೊಡ್ತೀನಿ. ಬಾಂಬೆಯವರ ಕಾಲು ಹಿಡೀತೀನಿ, ಅದೇ ಪ್ಲೇಟ್ ತರಿಸ್ತೀನಿ. ಆರು ವಾರ. ಪಂಚಾಕ್ಷರಪ್ಪನೋರಿಗೆ ನೀವು ಹೇಳ್ರಿ. ನನ್ನ ಹೆಸರು ಹೇಳಬ್ಯಾಡ್ರಿ ಅನ್ನಲ್ಲ. ಹೇಳ್ರಿ."

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

24 ಮಾರ್ಚ್, ಸೋಮವಾರ

ಪಂಚಾಕ್ಷರಪ್ಪನವರು ಬಾಗಿಲು ಹಾಕಿಕೊಂಡರು. ಹೇಳಿದೆ. ಮುಖ ಬಿಳಿಚಿತು, ಕೆಂಪಾಯಿತು, ಆಮೇಲೆ ವ್ಯಾಪಾರದ ಮುಖವಾಯಿತು. ಆ ಮೂರನೆಯದು ನೋಡಿ ನನಗೆ ಹೆದರಿಕೆಯಾಯಿತು.

"ಇವತ್ತು ಸ್ಟಾರ್ಟ್ ಮಾಡಿದ್ರೆ ಇವತ್ತೇ ಒಡೀತೈತಾ?"

"ಇಲ್ಲ."

"ಮತ್ತೆ? ಸ್ವಾಮಿಗಳು ಬರ್ತಾರೆ, ಎಂಎಲ್‌ಎ ಬರ್ತಾರೆ. ಯುಗಾದಿಗೆ ಶುರು ಮಾಡೋಣ, ಹೊಸದು ಬರೋ ಮಟ ಓಡಿಸೋಣ. ಆರು ವಾರ ಅಂತೀರಿ. ನಿಮ್ಮದೇ ಲೆಕ್ಕ ನಾಲ್ಕು ತಿಂಗಳು."

"ಆಗಿನ ನೀರಿನಾಗ ಇಷ್ಟು ಉಪ್ಪಿರಲಿಲ್ಲ."

"ಎರಡು ತಿಂಗಳು ಅನ್ರಿ. ಆರು ವಾರ ಅದರೊಳಗೇ ಬಂತಲ್ಲ."

"ಬಿರುಕು ಕ್ಯಾಲೆಂಡರ್ ನೋಡಿ ಬರಲ್ಲ ಯಜಮಾನ್ರೆ."

ಕಪಾಟು ತೆಗೆದು ಒಂದು ಕಾಗದ ಮೇಜಿನ ಮೇಲೆ ಇಟ್ಟರು. ನನ್ನ ಪ್ರಮಾಣಪತ್ರ. "ಇದು ನಿಮ್ಮ ಸಹಿ. ನನ್ನ ಹತ್ರ ಇರೋದು ಇದು. ಬಾಯಿಮಾತು ನಾ ಕೇಳಿಲ್ಲ, ನೀವು ಹೇಳಿಲ್ಲ. ನಿಮಗೂ ಚಲೋ, ಸಾಬರಿಗೂ ಚಲೋ."

ನಾಚಿಕೆಯಿಂದ ಬರೆಯುತ್ತೇನೆ—ಒಂದು ಕ್ಷಣ ಆ ಮಾತು ಹಿತವಾಗಿತ್ತು. ನೆರಳಿಗೆ ಬಂದಂತೆ. ಬಸ್ಸಿನಲ್ಲಿ ಕೂತಮೇಲೆ ಹೊಳೆಯಿತು: 1991ರ ಐದು ಜನ ಹೀಗೇ ಇದ್ದಿರಬೇಕು. ಇಷ್ಟು ವರ್ಷ ಅವರನ್ನು ರಾಕ್ಷಸರು ಅಂದುಕೊಂಡಿದ್ದೆ. ರಾಕ್ಷಸರಲ್ಲ. ಬಸ್ಸಿನಲ್ಲಿ ಕೂತು ಮನೆಗೆ ಹೋದವರು.

26 ಮಾರ್ಚ್, ಬುಧವಾರ

ಪತ್ರ ಬರೆದೆ. ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಆಫೀಸಿಗೆ. ಪ್ರಮಾಣಪತ್ರ ಹಿಂದಕ್ಕೆ ಪಡೆಯುತ್ತಿದ್ದೇನೆ, ಪಾತ್ರೆ 304, ನಡೆಸಕೂಡದು. ನಾನೇ ಹೋಗಿ ಕೊಟ್ಟೆ. ಸಾಹೇಬರು ಯುಗಾದಿ ರಜೆ ಸೇರಿಸಿ ಊರಿಗೆ ಹೋಗಿದ್ದಾರೆ. ಮಂಗಳವಾರ ಬರ್ರಿ ಅಂದ ಗುಮಾಸ್ತ.

"ಅಷ್ಟರಾಗೆ ಸ್ಟಾರ್ಟ್ ಆಗಿರ್ತೈತಪ್ಪ."

"ಆಗ್ಲಿ ಬಿಡ್ರಿ ಸರ್. ಸ್ಟಾರ್ಟ್ ಆದಮೇಲೆ ಸ್ಟಾಪ್ ಮಾಡಬಹುದಲ್ಲ."

ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದೆ. ಮುದ್ರೆಯ ಮೇಲೆ ತಾರೀಕು ತಿರುಗಿಸಿಲ್ಲ. ಹೋದ ವಾರದ್ದೇ ಇದೆ.

28 ಮಾರ್ಚ್, ಶುಕ್ರವಾರ

ಸಹಿ ಇರುವವರಿಗೆಲ್ಲ ಹೇಳಿದೆ. ಸ್ಟೂಲಿನ ಮೇಲೆ ಕೂರುವವಳಿಗೆ ಹೇಳಿರಲಿಲ್ಲ. ಇದು ಇವತ್ತು ಬೆಳಿಗ್ಗೆ ಪುಷ್ಪಲತಾ ಕೇಳಿದ ಮೇಲೆ ಹೊಳೆದದ್ದು. ಇವಳಿಗೆ ಎಲ್ಲ ನಿನ್ನೆ ಹೇಳಿಕೊಂಡಿದ್ದೆ. ಬೈಯಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಒಂದೇ ಮಾತು: "ಆ ಹುಡುಗಿ ಏನಂದ್ಳು?"

ಶಾಮನೂರು ರಸ್ತೆಯ ಬಸ್‌ಸ್ಟಾಪಿನಲ್ಲಿ ಕಾದೆ. ಶಿಫ್ಟ್ ಮುಗಿಸಿ ಅಲ್ಲೇ ಬಸ್ ಬದಲಿಸುತ್ತಾಳೆ. ನಿಂತೇ ಹೇಳಿದೆ. ಬಸ್ಸುಗಳು ಬಂದವು, ಹೋದವು. ಅವಳದೂ ಹೋಯಿತು.

"ನಿಮಗೆ ಯಾವಾಗ ಗೊತ್ತಾತು ಸರ್?"

"...ಹನ್ನೊಂದನೇ ತಾರೀಕು."

ಬೆರಳು ಮಡಚಿ ಎಣಿಸಿದಳು. "ಹದಿನೇಳು ದಿನ."

"ಹೌದು."

"ಆವತ್ತು ಮ್ಯಾಗ್ನೆಟ್ ಬಿದ್ದಾಗ ನಾ ಎತ್ತಿಕೊಟ್ಟೆ. ಏನಿಲ್ಲಮ್ಮ ಅಂದ್ರಿ."

"ತಪ್ಪಾಯ್ತಮ್ಮ."

"ಮೀಟಿಂಗ್‌ನಾಗ ಬಕ್ಕೇಶಪ್ಪನ ಕಥೆ ಹೇಳಿದ್ರಲ್ಲ. ಆವತ್ತು ಮನೆಗೆ ಹೋಗಿ ನಮ್ಮವ್ವಗೆ ಹೇಳಿದ್ದೆ—ಇಂಥೋರೊಬ್ಬರು ಅದಾರೆ, ಭಯ ಇಲ್ಲ ಅಂತ." ದನಿ ಏರಿಸಲಿಲ್ಲ. ಅದೇ ಕಷ್ಟ. "ನನಗೆ ಬಾಯಿಮಾತು ಬ್ಯಾಡ ಸರ್. ಬರೆದುಕೊಡ್ರಿ. ಕನ್ನಡದಾಗ. ನಮ್ಮ ಶಿಫ್ಟಿನೋರು ಎಲ್ಲಾರು ಓದೋ ಹಂಗೆ."

ಚೀಲದಿಂದ ಅವಳ ನೋಟ್‌ಬುಕ್ಕಿನ ಹಾಳೆಯನ್ನೇ ಹರಿದು ಕೊಟ್ಟಳು. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲಿಟ್ಟು ಬರೆದೆ. ಪಾತ್ರೆ ಯಾವುದು, ಆಗಬೇಕಿದ್ದದ್ದು ಯಾವುದು, ಯಾಕೆ ಬಿರಿಯುತ್ತದೆ, ನನ್ನ ಪ್ರಮಾಣಪತ್ರ ತಪ್ಪು. ಸಾಬರದು ತಪ್ಪಲ್ಲ, ನಾನು ಕಲಿಸಿದ್ದು ಅಂತಲೂ. ಸಹಿ. ಮಡಚಿ ಪುಟ್ಟ ಪರ್ಸಿನಲ್ಲಿ ಇಟ್ಟುಕೊಂಡಳು. ಬಸ್ ಹತ್ತುವಾಗ ತಿರುಗಿ ನೋಡಲಿಲ್ಲ.

30 ಮಾರ್ಚ್, ಭಾನುವಾರ. ಯುಗಾದಿ. ಬೆಳಿಗ್ಗೆ 7.10

ಕಾರ್ಖಾನೆಯ ಗೇಟಿನ ಹೊರಗೆ, ಮೋರಿಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡಲಿಲ್ಲ. ಮೈಲಾರಲಿಂಗಪ್ಪ ಅಂದರೆ ಬಿಡಬೇಡಿ ಅಂತ ಆರ್ಡರ್. ವಾಚ್‌ಮನ್ ಪಾಪ, ಬೇವುಬೆಲ್ಲ ತಂದುಕೊಟ್ಟ. "ಇದಕ್ಕೆ ಆರ್ಡರ್ ಇಲ್ಲ ಸರ್."

ಗೇಟಿಗೆ ಮಾವಿನ ತೋರಣ. ಶಾಮಿಯಾನ. ಬಾಯ್ಲರ್ ಚಿಮಣಿಯಿಂದ ತೆಳ್ಳಗೆ ಹೊಗೆ—ಕಾಯಿಸುತ್ತಿದ್ದಾರೆ. ಪಾತ್ರೆಗೆ ಹಬೆ ಬಿಡುವುದು ಎಂಟು ಗಂಟೆಗೆ ಅಂತೆ, ಮುಹೂರ್ತ.

7.35

ಟಾಟಾ ಏಸ್ ಬಂತು. ಸಾಬರು, ತೌಸೀಫ್. ಇವತ್ತು ಇಪ್ಪತ್ತೊಂಬತ್ತನೇ ರೋಜಾ, ಸಂಜೆ ಚಂದ್ರ ಕಾಣಬಹುದು. ಮನೆಯಲ್ಲಿ ಇರಬೇಕಾದ ದಿನ.

"ಯಾಕೆ ಬಂದ್ರಿ ಸಾಬ್ರೆ?"

"ನನ್ನ ಹೆಸರು ಒಳಗೆ ಐತಲ್ಲ. ಬಿಚ್ಚಿಕೊಂಡು ಹೋಗಾಕೆ ಬಂದೆ." ಪಕ್ಕದಲ್ಲಿ ಕೂತರು. ಅವರನ್ನೂ ಬಿಡಲಿಲ್ಲ. ತೌಸೀಫ್ ನನ್ನ ಜೊತೆ ಮಾತಾಡಲಿಲ್ಲ, ಆದರೆ ನೀರಿನ ಬಾಟಲಿ ಇಟ್ಟು ಹೋದ.

7.50

ಒಳಗೆ ಗಂಟೆ. ಪೂಜೆ. ಎಂಟಕ್ಕೆ ಹತ್ತು ನಿಮಿಷ.

7.58

ಗೇಟಿನ ಚಿಕ್ಕ ಬಾಗಿಲು ತೆರೆಯಿತು. ರೇಖಾ. ಹೆಲ್ಮೆಟ್ ಕೈಯಲ್ಲಿ. ಹಿಂದೆ ಒಬ್ಬ. ಇನ್ನಿಬ್ಬರು. ಪ್ಯಾಕಿಂಗಿನ ಹೆಣ್ಣುಮಕ್ಕಳು ಮೂವರು, ಹಬ್ಬದ ಸೀರೆಯ ಮೇಲೆ ಏಪ್ರನ್. ಪಂಪಿನವನು. ಎಂಟು ಜನ. ಶಿಫ್ಟಿಗೆ ಹನ್ನೊಂದು. ಹಬೆ ಬಿಡುವುದಕ್ಕೆ ಇಬ್ಬರಿದ್ದರೆ ಸಾಕು.

8.05

ಎಲ್ಲರೂ ಚಿಮಣಿ ನೋಡುತ್ತಿದ್ದೇವೆ.

8.12

ಮತ್ತಿಬ್ಬರು ಬಂದರು. ಆಮೇಲೆ, ಬಹಳ ಹೊತ್ತಿನ ಮೇಲೆ ಅನ್ನಿಸಿತು, ಬಾಯ್ಲರಿನ ಗುತ್ತೆಪ್ಪ, ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ.

"ಒಲೆಯ ಬೆಂಕಿ ಎಳೆದು ಆರಿಸಿ ಬಂದೆ," ಅಂದ. "ಯಜಮಾನ್ರು ಬೈದ್ರು. ಬೈಲಿ ಬಿಡ್ರಿ, ಹಬ್ಬದ ದಿನ ಬೈಸಿಕೊಂಡ್ರೆ ವರ್ಷಪೂರ್ತಿ ಬೈಸಿಕೋಬೇಕಂತೆ. ನನಗೇನು ಹೊಸದಾ."

ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಸಾಬರು ಕಣ್ಣು ಒರೆಸಿಕೊಂಡರು.

8.30

ಮುಗಿದಿಲ್ಲ. ಪಂಚಾಕ್ಷರಪ್ಪನವರು ಗೇಟಿನ ತನಕ ಬಂದು ಹೇಳಿಹೋದರು: "ಎರಡು ಗಂಟೆಗೆ ಸೆಕೆಂಡ್ ಶಿಫ್ಟ್ ಬರ್ತೈತೆ. ಅವರಿಗೆ ಯಾರ ಕಾಗದನೂ ಬೇಕಾಗಿಲ್ಲ." ನನ್ನ ಕಡೆ ನೋಡಲಿಲ್ಲ.

ಎರಡನೇ ಶಿಫ್ಟಿನವರಿಗೂ ಓದಿ ಹೇಳಬೇಕು. ಇಲ್ಲೇ, ಗೇಟಿನಲ್ಲಿ, ಒಳಗೆ ಹೋಗುವ ಮುಂಚೆ. ನೀವೇ ಓದಬೇಕು ಅಂದಳು ರೇಖಾ. ಕಾಗದ ತೆಗೆದು ಕೊಟ್ಟಳು. ಮಡಿಕೆಯಲ್ಲಿ ಸವೆದಿದೆ, ಎಷ್ಟೋ ಕೈ ದಾಟಿದೆ.

"ಸರ್, ಇದರಾಗ ಒಂದು ಸಾಲು ಇಲ್ಲ."

ಗೊತ್ತಿತ್ತು. ಬೆಂಚಿನ ಮೇಲೆ ಬರೆಯುವಾಗಲೇ ಗೊತ್ತಿತ್ತು.

"ಯಾವಾಗ ಗೊತ್ತಾತು ಅನ್ನೋದು. ಅವ್ರು ಮೊದಲು ಅದನ್ನೇ ಕೇಳ್ತಾರೆ. ನಾನೂ ಅದನ್ನೇ ಕೇಳಿದ್ದು. ಬರೆದಿಲ್ಲ ಅಂದ್ರೆ ಉಳಿದದ್ದೂ ನಂಬಲ್ಲ."

ಪೆನ್ನು ಕೊಟ್ಟಿದ್ದಾಳೆ. ಎದುರಿಗೆ ನಿಂತಿದ್ದಾಳೆ. ಕಾಗದದಲ್ಲಿ ಕಾಟುಹಾಕುವುದು ಬೇಡ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಪಾತ್ರೆಯ ತಗಡು ಬದಲಾಗಿರುವುದು ನನಗೆ ಮಾರ್ಚ್ 11ರ ಸಂಜೆ ತಿಳಿಯಿತು. ಅಲ್ಲಿ ಕೂತು ಕೆಲಸ ಮಾಡುವವರಿಗೆ ನಾನು ಹೇಳಿದ್ದು ಮಾರ್ಚ್ 28ಕ್ಕೆ. ನಡುವಿನ ಹದಿನೇಳು ದಿನ ನಾನು—